ಎಕ್ಸ್‌ಎಂಎಲ್ ಕೈಪಿಡಿಗೆ ಬ್ರೌಸರಿನಲ್ಲೇ ಮುನ್ನೋಟ: ಸ್ಟೈಲ್‌ಶೀಟ್ ಕಟ್ಟಿದ ಬಗೆ

ನೀರೆತ್ತುವ ಪಂಪಿನ ನಿರ್ವಹಣಾ ಕೈಪಿಡಿಯೊಂದು ತಾಂತ್ರಿಕ ದಾಖಲೆಗಳಿಗೆ ಬಳಸುವ ಡಾಕ್‌ಬುಕ್ 5 ಮಾದರಿಯ ಎಕ್ಸ್‌ಎಂಎಲ್ (ಪಠ್ಯದ ಭಾಗಗಳನ್ನು ಟ್ಯಾಗ್‌ಗಳಿಂದ ಗುರುತಿಸುವ) ಕಡತಗಳಲ್ಲಿದೆ. ಪುಸ್ತಕದ ಚೌಕಟ್ಟನ್ನು ಹೊತ್ತ ಒಂದು ಮುಖ್ಯ ಕಡತ, ಅದು ಎಕ್ಸ್‌ಇನ್‌ಕ್ಲೂಡ್ ಮೂಲಕ ತನ್ನೊಳಗೆ ಸೇರಿಸಿಕೊಳ್ಳುವ ಅಧ್ಯಾಯಗಳ ಕಡತಗಳು, ಚಿತ್ರಗಳ ಒಂದು ಫೋಲ್ಡರ್: ಇಷ್ಟೇ ಅದರ ಸ್ವರೂಪ. ಅಚ್ಚಿಗೆ ಹೋಗುವ ಪಿಡಿಎಫ್ ತಯಾರಿಸಲು ಬೇರೆಯೇ ವ್ಯವಸ್ಥೆಯಿದೆ. ಆದರೆ ಒಂದು ಕೋಷ್ಟಕದ ಸಾಲನ್ನು ತಿದ್ದಿ, ಅದು ಪುಟದಲ್ಲಿ ಹೇಗೆ ಕೂರುತ್ತದೆಂದು ನೋಡುವುದಕ್ಕೆ ಪ್ರತಿ ಸಲವೂ ಆ ವ್ಯವಸ್ಥೆಯನ್ನು ಮೊದಲಿನಿಂದ ಕೊನೆಯವರೆಗೆ ಓಡಿಸುವುದು ಬರವಣಿಗೆಯ ಓಟವನ್ನೇ ಕಡಿದುಹಾಕುತ್ತದೆ. ಕಡತವನ್ನು ಉಳಿಸಿ, ಬ್ರೌಸರಿನಲ್ಲಿ ಪುಟವನ್ನು ಮರುಲೋಡ್ ಮಾಡಿದರೆ ಕಾಣುವಂಥ ಮುನ್ನೋಟ ಬೇಕಾಗಿತ್ತು. ಅದನ್ನು ಕಟ್ಟಿದ ಕ್ರಮವನ್ನು ಇಲ್ಲಿ ದಾಖಲಿಸಿದ್ದೇನೆ.

ಕೆಲಸಕ್ಕೆ ಮೊದಲೇ ಒಂದು ನಿಲುವನ್ನು ಗೊತ್ತುಮಾಡಿಕೊಂಡಿದ್ದೆ. ಈ ಮುನ್ನೋಟವು ಅಂತಿಮ ಪುಟದ ಅಂದವನ್ನು ಅನುಕರಿಸಬೇಕಾಗಿಲ್ಲ. ಮೂಲ ಕಡತದಲ್ಲಿರುವ ತಪ್ಪುಗಳನ್ನು ಎದ್ದು ಕಾಣುವಂತೆ ಮಾಡಬೇಕು. ಮುರಿದ ಕೊಂಡಿ, ಬಿಟ್ಟುಹೋದ ಕೋಶ, ಸ್ಟೈಲ್‌ಶೀಟಿಗೆ (ಪುಟದ ರೂಪವನ್ನು ಹೇಳುವ ಕಡತಕ್ಕೆ) ಗೊತ್ತಿಲ್ಲದ ಟ್ಯಾಗ್, ಇವೆಲ್ಲ ಅಂದವಾದ ಪುಟದಲ್ಲಿ ಸದ್ದಿಲ್ಲದೆ ಮರೆಯಾಗುತ್ತವೆ. ಮುಂದೆ ಬಂದ ಹೆಚ್ಚಿನ ತೀರ್ಮಾನಗಳು ಈ ನಿಲುವಿನಿಂದಲೇ ಹುಟ್ಟಿದವು.

ಸಿಎಸ್‌ಎಸ್ ಎಷ್ಟರಮಟ್ಟಿಗೆ ಸಾಕು

ಯಾವ ಸ್ಟೈಲ್‌ಶೀಟನ್ನೂ ಸೂಚಿಸದೆ ಎಕ್ಸ್‌ಎಂಎಲ್ ಕಡತವನ್ನು ತೆರೆದರೆ, ಬ್ರೌಸರ್ ಅದರ ಟ್ಯಾಗ್‌ಗಳನ್ನು ಮಡಚಬಹುದಾದ ಮರದ ರೂಪದಲ್ಲಿ ತೋರಿಸುತ್ತದೆ. ಸ್ಟೈಲ್‌ಶೀಟನ್ನು ಜೋಡಿಸುವ ವಿಧಾನವನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999 ರಲ್ಲೇ ನಿಗದಿಪಡಿಸಿದೆ. ಇಡೀ ಕಡತವನ್ನು ಒಳಗೊಳ್ಳುವ ಮೂಲ ಎಲಿಮೆಂಟ್ (ಟ್ಯಾಗ್ ಮತ್ತು ಅದರೊಳಗಿನದೆಲ್ಲ) ಆರಂಭವಾಗುವ ಮುನ್ನ ‘ಎಕ್ಸ್‌ಎಂಎಲ್-ಸ್ಟೈಲ್‌ಶೀಟ್’ ಎಂಬ ಸಂಸ್ಕರಣಾ ಸೂಚನೆಯನ್ನು ಬರೆದು, ಅದರಲ್ಲಿ ಸ್ಟೈಲ್‌ಶೀಟಿನ ವಿಳಾಸವನ್ನೂ ಬಗೆಯನ್ನೂ ಕೊಡಬೇಕು. ಎಕ್ಸ್‌ಎಂಎಲ್ ಘೋಷಣೆಯಿದ್ದರೆ ಅದು ಕಡತದ ಮೊಟ್ಟಮೊದಲ ಅಕ್ಷರದಿಂದಲೇ ಆರಂಭವಾಗಬೇಕು. ಅದರ ಮೇಲೆ ಒಂದು ಖಾಲಿ ಸಾಲು ಉಳಿದಿದ್ದರೂ ಪುಟದ ಬದಲಿಗೆ ದೋಷಸೂಚನೆ ಬರುತ್ತದೆ. ಪ್ರಕಾಶನ ವ್ಯವಸ್ಥೆಗಳು ಈ ಸೂಚನೆಯನ್ನು ಕಡೆಗಣಿಸುವುದರಿಂದ ಅದನ್ನು ಮೂಲ ಕಡತದಲ್ಲೇ ಉಳಿಸಿದರೆ ತೊಂದರೆಯಿಲ್ಲ.

ಮೊದಲು ಪುಟದ ಅಂದವನ್ನಷ್ಟೇ ನಿರ್ದೇಶಿಸುವ ಸಿಎಸ್‌ಎಸ್ ಒಂದನ್ನೇ ಜೋಡಿಸಿ ನೋಡಿದೆ. ಬ್ರೌಸರಿಗೆ ಡಾಕ್‌ಬುಕ್ಕಿನ ಯಾವ ಎಲಿಮೆಂಟಿನ ಪರಿಚಯವೂ ಇಲ್ಲದ ಕಾರಣ ಅದು ಎಲ್ಲವನ್ನೂ ಸಾಲಿನೊಳಗಿನ ಪಠ್ಯವೆಂದೇ ಎಣಿಸುತ್ತದೆ, ಇಡೀ ಅಧ್ಯಾಯ ಒಂದೇ ಪ್ಯಾರಾದಂತೆ ಹರಿಯುತ್ತದೆ. ಆದ್ದರಿಂದ ಶೀರ್ಷಿಕೆ, ಪ್ಯಾರಾ, ಪಟ್ಟಿ, ಹಂತ ಮೊದಲಾದ ಪ್ರತಿಯೊಂದಕ್ಕೂ ಹೊಸ ಸಾಲಿನಿಂದ ಆರಂಭವಾಗುವ ‘ಬ್ಲಾಕ್’ ರೂಪವನ್ನು ನಾವೇ ಹೇಳಿಕೊಡಬೇಕು. ಇಷ್ಟು ಮಾಡಿದರೆ ಓದಬಲ್ಲ ಪುಟ ಸಿಗುತ್ತದೆ. ಎಚ್ಚರಿಕೆಯ ಚೌಕಟ್ಟುಗಳಿಗೆ ಬಣ್ಣ, ಕೋಡ್ ತುಣುಕುಗಳಿಗೆ ಸಮಾನ ಅಗಲದ ಅಕ್ಷರ, ಕೌಂಟರ್‌ಗಳ ಮೂಲಕ ಹಂತಗಳ ಸಂಖ್ಯೆ, ಎಲ್ಲವೂ ಕೈಗೆಟಕುತ್ತವೆ. ಸಂಖ್ಯೆಗಳು ಕನ್ನಡ ಅಂಕಿಗಳಲ್ಲೇ ಬೇಕೆನ್ನುವವರಿಗೆ ಸಿಎಸ್‌ಎಸ್‌ನ ಸಿದ್ಧ ಎಣಿಕೆಯ ಶೈಲಿಗಳಲ್ಲಿ ಕನ್ನಡವೂ ಇದೆ.

ಅದು ಕೈಚೆಲ್ಲುವ ಜಾಗಗಳೂ ಬೇಗನೆ ತಿಳಿದವು. ಚಿತ್ರದ ಹೆಸರು ‘ಫೈಲ್‌ರೆಫ್’ ಎಂಬ ಆಟ್ರಿಬ್ಯೂಟಿನಲ್ಲಿ (ಟ್ಯಾಗಿನೊಳಗೆ ಬರೆಯುವ ಗುಣದಲ್ಲಿ) ಇರುತ್ತದೆ. ಆಟ್ರಿಬ್ಯೂಟಿನ ಪಠ್ಯವನ್ನು ಸಿಎಸ್‌ಎಸ್ ಪುಟದ ಮೇಲೆ ಅಚ್ಚಿಸಬಲ್ಲದು, ಆದರೆ ಅದನ್ನೇ ವಿಳಾಸವೆಂದು ತಿಳಿದು ಚಿತ್ರವನ್ನು ತರಲಾರದು. ಅಡ್ಡ ಉಲ್ಲೇಖದ ‘ಎಕ್ಸ್‌ರೆಫ್’ ಖಾಲಿ ಎಲಿಮೆಂಟ್ ಆದ್ದರಿಂದ ಅದರ ಜಾಗದಲ್ಲಿ ಏನೂ ಕಾಣುವುದಿಲ್ಲ. ಕೋಷ್ಟಕದ ಸಾಲುಗಳನ್ನೂ ಕೋಶಗಳನ್ನೂ ಸಿಎಸ್‌ಎಸ್‌ನಿಂದ ರಚಿಸಬಹುದು, ಆದರೆ ಎರಡು ಕಂಬಗಳನ್ನು (ಕಾಲಂಗಳನ್ನು) ಆವರಿಸುವ ಕೋಶವನ್ನು ಹೇಳುವ ಗುಣವೇ ಅದರಲ್ಲಿಲ್ಲ. ತಾಂತ್ರಿಕ ಕೈಪಿಡಿಯೊಂದರಲ್ಲಿ ಚಿತ್ರ, ಕೊಂಡಿ, ಕೋಷ್ಟಕ ಈ ಮೂರನ್ನು ಬಿಟ್ಟರೆ ಪರೀಕ್ಷಿಸಲು ಉಳಿಯುವುದು ಕಡಿಮೆ. ಹಾಗಾಗಿ ಎಕ್ಸ್‌ಎಂಎಲ್ಲನ್ನು ಎಚ್‌ಟಿಎಂಎಲ್ಲಾಗಿ ಪರಿವರ್ತಿಸುವ ಎಕ್ಸ್‌ಎಸ್‌ಎಲ್‌ಟಿಯ ಕಡೆ ತಿರುಗಿದೆ. ಸಿಎಸ್‌ಎಸ್ ಕಡತವನ್ನು ಎಸೆಯಲಿಲ್ಲ. ಪರಿವರ್ತಿತ ಪುಟದ ಅಲಂಕಾರಕ್ಕೆ ಅದನ್ನೇ ತಿದ್ದಿ ಬಳಸಿಕೊಂಡೆ.

ಸರ್ವರ್ ಮತ್ತು ನೇಮ್‌ಸ್ಪೇಸ್

ಎಕ್ಸ್‌ಎಸ್‌ಎಲ್‌ಟಿಯ ಮೊದಲ ಆವೃತ್ತಿ 1999 ರ ನವೆಂಬರ್‌ನಲ್ಲಿ ಹೊರಬಂತು. ಆಮೇಲೆ 2007 ರಲ್ಲಿ 2.0, 2017 ರಲ್ಲಿ 3.0 ಬಂದರೂ ಬ್ರೌಸರುಗಳಲ್ಲಿ ಅಡಕವಾಗಿರುವುದು 1.0 ಮಾತ್ರ. ಅಂತರ್ಜಾಲದಲ್ಲಿ ಸಿಗುವ ಉದಾಹರಣೆಗಳಲ್ಲಿ ಗುಂಪುಗೂಡಿಸುವ ಸೂಚನೆಯಾಗಲಿ, ನಾವೇ ಬರೆದ ಫಂಕ್ಷನ್‌ಗಳಾಗಲಿ ಕಂಡರೆ ಅವು ಇಲ್ಲಿ ನಡೆಯುವುದಿಲ್ಲವೆಂದು ಪಕ್ಕಕ್ಕಿಡಬೇಕು.

ಡಿಸ್ಕಿನಲ್ಲಿರುವ ಕಡತವನ್ನು ನೇರವಾಗಿ ಬ್ರೌಸರಿಗೆ ಎಳೆದು ಹಾಕಿದರೆ ಸಿಎಸ್‌ಎಸ್ ಜೋಡಣೆ ನಡೆಯುತ್ತದೆ, ಎಕ್ಸ್‌ಎಸ್‌ಎಲ್‌ಟಿ ನಡೆಯುವುದಿಲ್ಲ. ಕ್ರೋಮ್ ಪ್ರತಿಯೊಂದು ಸ್ಥಳೀಯ ಕಡತವನ್ನೂ ಬೇರೆ ಬೇರೆ ಮೂಲದ್ದೆಂದು ಪರಿಗಣಿಸುವುದರಿಂದ ಒಂದು ಕಡತ ಪಕ್ಕದ ಸ್ಟೈಲ್‌ಶೀಟನ್ನು ಓದುವುದಕ್ಕೆ ಅನುಮತಿ ಕೊಡುವುದಿಲ್ಲ; ಫೈರ್‌ಫಾಕ್ಸ್ ಕೂಡ 2019 ರ 68ನೆಯ ಆವೃತ್ತಿಯಿಂದ ಇದೇ ನಿಲುವಿಗೆ ಬಂದಿದೆ. ಭದ್ರತೆಯ ಈ ತಡೆಯನ್ನು ಬ್ರೌಸರಿನ ಸೆಟ್ಟಿಂಗ್‌ಗಳಲ್ಲಿ ಸಡಿಲಿಸುವ ಸಲಹೆಗಳು ಅಲ್ಲಲ್ಲಿ ಕಾಣಸಿಗುತ್ತವೆ, ಆದರೆ ದಿನನಿತ್ಯ ಬಳಸುವ ಬ್ರೌಸರಿನಲ್ಲಿ ಹಾಗೆ ಮಾಡುವುದು ತರವಲ್ಲ. ಪೈಥಾನ್ ಜೊತೆಗೇ ಬರುವ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲನ್ನು ಕೈಪಿಡಿಯ ಫೋಲ್ಡರಿನಲ್ಲಿ ಓಡಿಸಿದರೆ 8000 ನೆಯ ಪೋರ್ಟಿನಲ್ಲಿ ಕಡತಗಳು ಲಭ್ಯವಾಗುತ್ತವೆ, ಕೆಲಸ ಅಲ್ಲಿಗೆ ಮುಗಿಯುತ್ತದೆ. ಅದು ತಾನಾಗಿ ಎಲ್ಲ ಜಾಲಸಂಪರ್ಕಗಳಿಗೂ ಬಾಗಿಲು ತೆರೆಯುವುದರಿಂದ, ಪ್ರಕಟವಾಗದ ದಾಖಲೆಗಳಿದ್ದಾಗ ತನ್ನ ಗಣಕಕ್ಕಷ್ಟೇ ಸೀಮಿತವಾದ 127.0.0.1 ಎಂಬ ವಿಳಾಸಕ್ಕೆ ಮಾತ್ರ ಕಟ್ಟಿಹಾಕುವುದು ಒಳ್ಳೆಯದು.

ಸರ್ವರ್ ಸಿದ್ಧವಾದ ಮೇಲೂ ಪುಟದಲ್ಲಿ ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬರುವುದುಂಟು. ಡಾಕ್‌ಬುಕ್ 5 ರ ಎಲ್ಲ ಎಲಿಮೆಂಟ್‌ಗಳೂ ಒಂದು ನೇಮ್‌ಸ್ಪೇಸಿಗೆ (ಹೆಸರುಗಳು ಯಾವ ಮಾದರಿಯವೆಂದು ಗುರುತಿಸುವ ಗುಂಪಿಗೆ) ಸೇರಿವೆ. ಸ್ಟೈಲ್‌ಶೀಟಿನಲ್ಲಿ ಬರಿದೆ ‘ಸೆಕ್ಷನ್’ ಎಂದು ಬರೆದರೆ, ಎಲಿಮೆಂಟ್‌ಗಳನ್ನು ಹುಡುಕಲು ಎಕ್ಸ್‌ಎಸ್‌ಎಲ್‌ಟಿ ಬಳಸುವ ಭಾಷೆಯಾದ ಎಕ್ಸ್‌ಪಾತ್ 1.0 ಅದನ್ನು ಯಾವ ನೇಮ್‌ಸ್ಪೇಸಿಗೂ ಸೇರದ ಸೆಕ್ಷನ್ ಎಂದು ಅರ್ಥಮಾಡಿಕೊಳ್ಳುತ್ತದೆ. ಒಂದೂ ಟೆಂಪ್ಲೇಟ್ (ಯಾವ ಎಲಿಮೆಂಟನ್ನು ಹೇಗೆ ಪರಿವರ್ತಿಸಬೇಕೆಂಬ ನಿಯಮ) ಹೊಂದಿಕೆಯಾಗದಿದ್ದಾಗ ಎಕ್ಸ್‌ಎಸ್‌ಎಲ್‌ಟಿಯ ಅಂತರ್ಗತ ನಿಯಮಗಳು ಜಾರಿಗೆ ಬಂದು, ಟ್ಯಾಗ್‌ಗಳನ್ನು ಕಿತ್ತು ಪಠ್ಯವನ್ನಷ್ಟೇ ಸುರಿಯುತ್ತವೆ. ದೋಷಸೂಚನೆ ಒಂದೂ ಬರುವುದಿಲ್ಲ. ಸ್ಟೈಲ್‌ಶೀಟಿನ ತಲೆಯಲ್ಲಿ ಡಾಕ್‌ಬುಕ್ಕಿನ ನೇಮ್‌ಸ್ಪೇಸಿಗೆ ‘ಡಿಬಿ’ ಎಂಬ ಕಿರುಹೆಸರನ್ನು ಕೊಟ್ಟು, ಪ್ರತಿಯೊಂದು ಎಲಿಮೆಂಟಿನ ಹೆಸರಿನ ಮೊದಲಲ್ಲೂ ಅದನ್ನು ಸೇರಿಸಿದ ಮೇಲೆ ಅಧ್ಯಾಯಗಳು ಅಧ್ಯಾಯಗಳಾಗಿ ಕಂಡವು.

ಈ ಸದ್ದಿಲ್ಲದ ಸುರಿಯುವಿಕೆಯನ್ನು ತಡೆಯಲೆಂದೇ ಸ್ಟೈಲ್‌ಶೀಟಿನ ಅತ್ಯುಪಯುಕ್ತ ಟೆಂಪ್ಲೇಟ್ ಸೇರಿತು. ಅದು ನಕ್ಷತ್ರ ಚಿಹ್ನೆಯೊಂದನ್ನೇ ಹೊತ್ತು ಯಾವ ಎಲಿಮೆಂಟಿಗಾದರೂ ಹೊಂದುತ್ತದೆ. ಅದರ ಸಹಜ ಆದ್ಯತೆ −0.5, ಹೆಸರು ಹೇಳಿ ಬರೆದ ಟೆಂಪ್ಲೇಟಿನದು 0. ಆದ್ದರಿಂದ ಬೇರೆ ಯಾವ ಟೆಂಪ್ಲೇಟೂ ಕೈಹಿಡಿಯದ ಎಲಿಮೆಂಟ್ ಮಾತ್ರ ಇಲ್ಲಿಗೆ ಬರುತ್ತದೆ, ಬಂದದ್ದು ತನ್ನ ಹೆಸರಿನೊಂದಿಗೆ ಕೆಂಪು ಚೌಕಟ್ಟಿನಲ್ಲಿ ಕಾಣುತ್ತದೆ. ಆರಂಭದಲ್ಲಿ ಪುಟವಿಡೀ ಕೆಂಪಾಗಿರುತ್ತದೆ. ಒಂದೊಂದೇ ಟೆಂಪ್ಲೇಟ್ ಬರೆದಂತೆ ಕೆಂಪು ಕರಗುತ್ತ ಹೋಗುತ್ತದೆ, ಮುಂದೇನು ಬರೆಯಬೇಕೆಂಬ ಪಟ್ಟಿಯನ್ನು ಬೇರೆ ಇಟ್ಟುಕೊಳ್ಳಬೇಕಾಗಿಲ್ಲ.

ಪ್ಯಾರಾಗಳ ವಿಷಯದಲ್ಲಿ ಬ್ರೌಸರುಗಳ ನಡುವಿನ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಫೈರ್‌ಫಾಕ್ಸ್ ಪರಿವರ್ತನೆಯ ಫಲವನ್ನು ನೇರವಾಗಿ ಡಾಮ್ ಮರವಾಗಿ (ಬ್ರೌಸರ್ ತನ್ನೊಳಗೆ ಇಟ್ಟುಕೊಳ್ಳುವ ಪುಟದ ರಚನೆಯಾಗಿ) ಕಟ್ಟುತ್ತದೆ. ಕ್ರೋಮ್ ಅದನ್ನು ಪಠ್ಯವಾಗಿ ಬರೆದು, ಆ ಪಠ್ಯವನ್ನು ಎಚ್‌ಟಿಎಂಎಲ್ ಎಂದು ಮತ್ತೆ ಓದುತ್ತದೆ. ಡಾಕ್‌ಬುಕ್ಕಿನ ಪ್ಯಾರಾದೊಳಗೆ ಪಟ್ಟಿಯೋ ಕೋಷ್ಟಕವೋ ಬರಬಹುದು, ಎಚ್‌ಟಿಎಂಎಲ್‌ನ ‘ಪಿ’ ಟ್ಯಾಗಿನೊಳಗೆ ಪಟ್ಟಿ ಬರುವಂತಿಲ್ಲ. ಹೀಗಾಗಿ ಒಂದೇ ಕಡತ ಫೈರ್‌ಫಾಕ್ಸಿನಲ್ಲಿ ಸರಿಯಾಗಿ ಕಂಡು, ಕ್ರೋಮ್‌ನಲ್ಲಿ ಪಟ್ಟಿ ಆರಂಭವಾಗುವಲ್ಲೇ ಪ್ಯಾರಾ ಮುಗಿದು ಅಂತರಗಳು ಏರುಪೇರಾಗುತ್ತವೆ. ಪ್ಯಾರಾವನ್ನು ‘ಡಿವ್’ ಆಗಿ ಪರಿವರ್ತಿಸಿ ಅದಕ್ಕೊಂದು ಕ್ಲಾಸ್ ಹೆಸರು ಕೊಟ್ಟರೆ ಎರಡರಲ್ಲೂ ಒಂದೇ ರೂಪ ಸಿಗುತ್ತದೆ.

ಖಾಲಿ ಜಾಗಗಳನ್ನು ಸಾರಾಸಗಟಾಗಿ ತೆಗೆದುಹಾಕುವ ಸೂಚನೆಯನ್ನೂ ಎಚ್ಚರದಿಂದ ಬಳಸಬೇಕು. ಎಲ್ಲ ಎಲಿಮೆಂಟ್‌ಗಳಿಗೂ ಅದನ್ನು ಅನ್ವಯಿಸಿದರೆ, ಅಕ್ಕಪಕ್ಕದ ಎರಡು ಒತ್ತುಪದಗಳ ನಡುವಿನ ಒಂಟಿ ಸ್ಪೇಸ್ ಕೂಡ ಹೋಗಿ ಪದಗಳು ಅಂಟುತ್ತವೆ. ಅಧ್ಯಾಯ, ವಿಭಾಗ, ಪಟ್ಟಿ, ಕೋಷ್ಟಕದಂಥ ಚೌಕಟ್ಟಿನ ಎಲಿಮೆಂಟ್‌ಗಳಿಗೆ ಮಾತ್ರ ಅದು ಸಲ್ಲುತ್ತದೆ.

ಹಂಚಿಹೋದ ಅಧ್ಯಾಯಗಳು

ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡಿದ್ದು ಈ ಭಾಗ. ಬ್ರೌಸರುಗಳು ಎಕ್ಸ್‌ಇನ್‌ಕ್ಲೂಡನ್ನು ಸಂಸ್ಕರಿಸುವುದಿಲ್ಲ. ಅವುಗಳ ಪಾಲಿಗೆ ‘ಇನ್‌ಕ್ಲೂಡ್’ ಮತ್ತೊಂದು ಎಲಿಮೆಂಟ್ ಅಷ್ಟೇ. ಆದ್ದರಿಂದ ಅದಕ್ಕೂ ಒಂದು ಟೆಂಪ್ಲೇಟ್ ಬರೆದು, ಅದರ ವಿಳಾಸವನ್ನು ‘ಡಾಕ್ಯುಮೆಂಟ್’ ಫಂಕ್ಷನ್ನಿಗೆ ಕೊಟ್ಟು, ಬಂದ ಕಡತದ ಮೂಲ ಎಲಿಮೆಂಟಿಗೆ ಟೆಂಪ್ಲೇಟ್‌ಗಳನ್ನು ಅನ್ವಯಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಆ ಫಂಕ್ಷನ್ನಿಗೆ ಆಟ್ರಿಬ್ಯೂಟನ್ನೇ ಕೊಟ್ಟರೆ ಅದು ವಿಳಾಸವನ್ನು ಆಟ್ರಿಬ್ಯೂಟ್ ಇರುವ ಕಡತದ ಜಾಗದಿಂದ ಲೆಕ್ಕಹಾಕುತ್ತದೆ. ಬರಿಯ ಅಕ್ಷರಸರಣಿಯನ್ನು ಕೊಟ್ಟರೆ ಸ್ಟೈಲ್‌ಶೀಟ್ ಇರುವ ಜಾಗದಿಂದ ಲೆಕ್ಕಹಾಕುತ್ತದೆ. ಸ್ಟೈಲ್‌ಶೀಟ್ ಬೇರೆ ಫೋಲ್ಡರಿನಲ್ಲಿದ್ದರೆ ಈ ಭೇದದಿಂದಲೇ ಅಧ್ಯಾಯಗಳು ಸಿಗದೆ ಹೋಗುತ್ತವೆ.

ಅಧ್ಯಾಯಗಳು ಒಂದೇ ಪುಟಕ್ಕೆ ಬಂದ ಮೇಲೆ ಎಲ್ಲದರ ಸಂಖ್ಯೆಯೂ 1 ಎಂದೇ ಕಾಣುತ್ತದೆ. ಎಕ್ಸ್‌ಎಸ್‌ಎಲ್‌ಟಿಯ ಎಣಿಕೆ ನೋಡುವುದು ಮೂಲ ಮರವನ್ನು. ಪ್ರತಿ ಅಧ್ಯಾಯವೂ ತನ್ನ ಕಡತದಲ್ಲಿ ಮೊದಲನೆಯದೇ, ಒಂಟಿಯೇ. ಸರಿಯಾದ ಸಂಖ್ಯೆಯನ್ನು ಪ್ಯಾರಾಮೀಟರ್ ಮೂಲಕ ಕೆಳಗಿಳಿಸುವುದು ಸಾಧ್ಯ, ಆದರೆ 1.0 ರಲ್ಲಿ ಅಂತರ್ಗತ ಟೆಂಪ್ಲೇಟ್‌ಗಳು ಪ್ಯಾರಾಮೀಟರನ್ನು ಮುಂದಕ್ಕೆ ದಾಟಿಸುವುದಿಲ್ಲ, ಹಾಗಾಗಿ ದಾರಿಯಲ್ಲಿರುವ ಪ್ರತಿಯೊಂದು ಟೆಂಪ್ಲೇಟೂ ಅದನ್ನು ಕೈಯಾರೆ ದಾಟಿಸಬೇಕಾಗುತ್ತದೆ. ಮುನ್ನೋಟಕ್ಕೆ ಅಷ್ಟು ಶ್ರಮ ಬೇಡವೆನಿಸಿ, ಸಂಖ್ಯೆಯ ಹೊಣೆಯನ್ನು ಸಿಎಸ್‌ಎಸ್ ಕೌಂಟರ್‌ಗಳಿಗೆ ವಹಿಸಿದೆ. ಅವು ನೋಡುವುದು ಪರಿವರ್ತಿತ ಪುಟವನ್ನು, ಅಲ್ಲಿ ಎಲ್ಲ ಅಧ್ಯಾಯಗಳೂ ಒಂದೇ ಮರದಲ್ಲಿರುತ್ತವೆ. ಇದರ ಬೆಲೆಯೆಂದರೆ ‘3.2 ನೆಯ ವಿಭಾಗ ನೋಡಿ’ ಎಂಬ ಬಗೆಯ ಉಲ್ಲೇಖದಲ್ಲಿ ಸಂಖ್ಯೆಯನ್ನು ತೋರಿಸಲಾಗುವುದಿಲ್ಲ, ಏಕೆಂದರೆ ದೂರದ ಕೌಂಟರಿನ ಮೌಲ್ಯವನ್ನು ತಂದುಕೊಡುವ ಸೌಲಭ್ಯ ಬ್ರೌಸರುಗಳ ಸಿಎಸ್‌ಎಸ್‌ನಲ್ಲಿಲ್ಲ. ಅದರ ಬದಲು ವಿಭಾಗದ ಶೀರ್ಷಿಕೆಯನ್ನೇ ಕೊಂಡಿಯ ಪಠ್ಯವಾಗಿ ಅಚ್ಚಿಸಿದೆ. ತಪ್ಪು ಹಿಡಿಯುವುದಕ್ಕೆ ಇದೇ ಮೇಲು: ‘3.2’ ಎಂಬುದು ಸರಿಯೋ ತಪ್ಪೋ ಕಣ್ಣಿಗೆ ತಿಳಿಯುವುದಿಲ್ಲ, ‘ಬೇರಿಂಗ್ ಬದಲಾಯಿಸುವುದು’ ಎಂದಿರಬೇಕಾದಲ್ಲಿ ‘ವಿದ್ಯುತ್ ಜೋಡಣೆ’ ಎಂದು ಬಂದರೆ ತಕ್ಷಣ ತಿಳಿಯುತ್ತದೆ.

ಕೊಂಡಿಗಳ ಹುಡುಕಾಟದಲ್ಲೂ ಕಡತಗಳ ಗಡಿ ಅಡ್ಡಬರುತ್ತದೆ. ಗುರುತಿನಿಂದ ಎಲಿಮೆಂಟನ್ನು ಹುಡುಕುವ ‘ಕೀ’ ಫಂಕ್ಷನ್ 1.0 ರಲ್ಲಿ ಸದ್ಯ ನಾವಿರುವ ಕಡತದೊಳಗೆ ಮಾತ್ರ ಹುಡುಕುತ್ತದೆ, ಹಾಗಾಗಿ ಎರಡನೆಯ ಅಧ್ಯಾಯದಿಂದ ಐದನೆಯದಕ್ಕೆ ಇರುವ ಉಲ್ಲೇಖ ಅದಕ್ಕೆ ಸಿಗುವುದಿಲ್ಲ. ಮುಖ್ಯ ಕಡತವನ್ನೂ, ಅದರಲ್ಲಿರುವ ಎಲ್ಲ ಇನ್‌ಕ್ಲೂಡ್ ವಿಳಾಸಗಳ ಕಡತಗಳನ್ನೂ ಒಟ್ಟುಗೂಡಿಸಿದ ಜಾಗತಿಕ ವೇರಿಯಬಲ್ ಒಂದನ್ನು ಮೊದಲೇ ಸಿದ್ಧಪಡಿಸಿ, ಉಲ್ಲೇಖದ ಗುರುತನ್ನು ಆ ಸಮೂಹದಾದ್ಯಂತ ಹುಡುಕುವಂತೆ ಬರೆದೆ. ಒಳಗಿನ ಕಡತಗಳು ಮತ್ತೆ ಬೇರೆ ಕಡತಗಳನ್ನು ಸೇರಿಸಿಕೊಂಡರೆ ಈ ವೇರಿಯಬಲ್ಲಿಗೆ ಅವು ಕಾಣುವುದಿಲ್ಲ, ನಮ್ಮ ಕೈಪಿಡಿಯಲ್ಲಿ ಒಂದೇ ಹಂತವಿರುವುದರಿಂದ ಅಲ್ಲಿಗೇ ನಿಲ್ಲಿಸಿದ್ದೇನೆ.

ಹುಡುಕಿದಾಗ ಎಷ್ಟು ಸಿಕ್ಕವೆಂಬ ಎಣಿಕೆಯೇ ಪರೀಕ್ಷೆಯಾಗುತ್ತದೆ. ಒಂದು ಸಿಕ್ಕರೆ ಕೊಂಡಿ. ಒಂದೂ ಸಿಗದಿದ್ದರೆ ಹುಡುಕಿದ ಗುರುತು ಕೆಂಪಕ್ಷರದಲ್ಲಿ. ಒಂದಕ್ಕಿಂತ ಹೆಚ್ಚು ಸಿಕ್ಕರೂ ಕೆಂಪಕ್ಷರದಲ್ಲೇ, ಜೊತೆಗೆ ಸಂಖ್ಯೆ. ಈ ಕೊನೆಯದು ಬೆಲೆಬಾಳುವಂಥದ್ದು: ಒಂದೇ ಗುರುತು ಎರಡು ಕಡತಗಳಲ್ಲಿದ್ದಾಗ, ಕಡತಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವ ಸಾಧನಕ್ಕೆ ಎರಡೂ ಸರಿಯೆಂದೇ ತೋರುತ್ತದೆ. ಅಧ್ಯಾಯದ ಕಡತವೊಂದನ್ನೇ ತೆರೆದಾಗ ಹೊರಗಿನ ಉಲ್ಲೇಖಗಳೆಲ್ಲ ಸಹಜವಾಗಿಯೇ ಸಿಗುವುದಿಲ್ಲ. ಹಾಗಾಗಿ ಮೂಲ ಎಲಿಮೆಂಟ್ ‘ಬುಕ್’ ಅಲ್ಲದಿದ್ದರೆ ಅವನ್ನು ಬೂದುಬಣ್ಣದಲ್ಲಿ ತೋರಿಸುವ ವಿನಾಯಿತಿಯನ್ನು ಸೇರಿಸಿದೆ. ಸುಳ್ಳು ಎಚ್ಚರಿಕೆಗಳಿಗೆ ಕಣ್ಣು ಒಗ್ಗಿಹೋದರೆ ನಿಜವಾದದ್ದನ್ನೂ ದಾಟಿಕೊಂಡು ಹೋಗುತ್ತದೆ.

ಕೋಷ್ಟಕಗಳು

ಬಿಡಿಭಾಗಗಳ ಪಟ್ಟಿ, ದೋಷ ಪತ್ತೆಯ ಪಟ್ಟಿ ಎರಡೂ ಕಾಲ್ಸ್ ಮಾದರಿಯ ಕೋಷ್ಟಕಗಳು. ಇವು ಎಚ್‌ಟಿಎಂಎಲ್ ಕೋಷ್ಟಕಗಳನ್ನು ಹೋಲುತ್ತವೆ, ಆದರೆ ವಿಸ್ತಾರವನ್ನು ಹೇಳುವ ಬಗೆ ಬೇರೆ. ಎಚ್‌ಟಿಎಂಎಲ್ ‘ಈ ಕೋಶ ಮೂರು ಕಂಬಗಳಷ್ಟು ಅಗಲ’ ಎಂದು ಸಂಖ್ಯೆ ಕೊಟ್ಟರೆ, ಕಾಲ್ಸ್ ಮೊದಲ ಕಂಬದ ಹೆಸರನ್ನೂ ಕೊನೆಯ ಕಂಬದ ಹೆಸರನ್ನೂ ಕೊಡುತ್ತದೆ. ಆ ಹೆಸರುಗಳು ಕೋಷ್ಟಕದ ಮೇಲ್ಭಾಗದ ‘ಕಾಲ್‌ಸ್ಪೆಕ್’ ಎಲಿಮೆಂಟ್‌ಗಳಲ್ಲಿರುತ್ತವೆ. ಹೆಸರಿಗೆ ಹೊಂದುವ ಕಾಲ್‌ಸ್ಪೆಕ್ಕನ್ನು ಹುಡುಕಿ, ಅದರ ಹಿಂದೆ ಎಷ್ಟು ಸೋದರ ಕಾಲ್‌ಸ್ಪೆಕ್‌ಗಳಿವೆಯೆಂದು ಎಣಿಸಿದರೆ ಸ್ಥಾನ ಸಿಗುತ್ತದೆ. ಕೊನೆಯ ಸ್ಥಾನದಿಂದ ಮೊದಲ ಸ್ಥಾನವನ್ನು ಕಳೆದು ಒಂದನ್ನು ಕೂಡಿಸಿದರೆ ಅಗಲ. ಕೆಳಮುಖ ವಿಸ್ತಾರವಾದರೆ ಸುಲಭ: ‘ಮೋರ್‌ರೋಸ್’ ಹೇಳುವುದು ಹೆಚ್ಚುವರಿ ಸಾಲುಗಳನ್ನು, ಆದ್ದರಿಂದ ಅದಕ್ಕೂ ಒಂದನ್ನು ಕೂಡಿಸಿದರೆ ಸಾಕು.

ಮೇಲಿನ ಸಾಲಿನಿಂದ ಇಳಿದುಬಂದ ಕೋಶದ ಜಾಗವನ್ನು ಬಿಟ್ಟು ಉಳಿದವನ್ನು ಜೋಡಿಸುವ ಲೆಕ್ಕವನ್ನು ಬ್ರೌಸರೇ ಮಾಡಿಕೊಳ್ಳುತ್ತದೆ. ಆದರೆ ಕಾಲ್ಸ್‌ನಲ್ಲಿ ಕೋಶಕ್ಕೆ ಕಂಬದ ಹೆಸರನ್ನು ಕೊಟ್ಟು ನಡುವಿನ ಕಂಬಗಳನ್ನು ಖಾಲಿ ಬಿಡುವುದಕ್ಕೆ ಅವಕಾಶವಿದೆ; ಎಚ್‌ಟಿಎಂಎಲ್‌ಗೆ ಆ ಅರಿವಿಲ್ಲ, ಕೋಶಗಳು ಎಡಕ್ಕೆ ಸರಿಯುತ್ತವೆ. ದೋಷ ಪತ್ತೆಯ ಪಟ್ಟಿಯಲ್ಲಿ ‘ಪರಿಹಾರ’ದ ಕಂಬದಲ್ಲಿರಬೇಕಾದದ್ದು ‘ಕಾರಣ’ದ ಕಂಬಕ್ಕೆ ಸರಿದರೆ ಅರ್ಥವೇ ಕೆಡುತ್ತದೆ. ಇದಕ್ಕೆ ಪೂರ್ಣ ಲೆಕ್ಕವನ್ನು 1.0 ರಲ್ಲಿ ಬರೆಯುವ ಬದಲು ಪರೀಕ್ಷೆಯೊಂದನ್ನು ಬರೆದೆ: ಕೆಳಮುಖ ವಿಸ್ತಾರವೂ ಅಗಲದ ವಿಸ್ತಾರವೂ ಇಲ್ಲದ ಕೋಷ್ಟಕದಲ್ಲಿ ಯಾವುದೇ ಸಾಲಿನ ಕೋಶಗಳ ಸಂಖ್ಯೆ ಘೋಷಿತ ಕಂಬಗಳ ಸಂಖ್ಯೆಗೆ ಸಮನಾಗದಿದ್ದರೆ ಆ ಸಾಲಿನ ಹಿನ್ನೆಲೆ ಹಳದಿಯಾಗುತ್ತದೆ. ಸಂಕೀರ್ಣ ಕೋಷ್ಟಕಗಳು ಈ ಬಲೆಗೆ ಬೀಳುವುದಿಲ್ಲವೆಂಬುದು ನಿಜ, ಆದರೆ ಬಿಡಿಭಾಗಗಳ ಪಟ್ಟಿಯಲ್ಲಿ ಒಂದು ಕೋಶ ಬಿಟ್ಟುಹೋದರೆ ಕಾಣದೆ ಇರುವುದಿಲ್ಲ.

ಇದೇ ಧಾಟಿಯ ಮತ್ತೊಂದು ಸಣ್ಣ ಪರೀಕ್ಷೆ ಎಚ್ಚರಿಕೆಗಳದ್ದು. ವಿದ್ಯುತ್ ಕಡಿತಗೊಳಿಸಬೇಕೆಂಬ ಎಚ್ಚರಿಕೆ ಕವಚ ಬಿಚ್ಚುವ ವಾಕ್ಯಕ್ಕಿಂತ ಮೊದಲು ಬರಬೇಕು. ಹಂತವೊಂದರೊಳಗೆ ಪ್ಯಾರಾ ಆದ ಮೇಲೆ ಎಚ್ಚರಿಕೆ ಬಂದರೆ ಅದಕ್ಕೆ ಕಡಿದ ಗೆರೆಯ ಅಂಚು ಬೀಳುವಂತೆ ಮಾಡಿದೆ. ಓದುಗನ ಕೈ ಸ್ಕ್ರೂಡ್ರೈವರಿಗೆ ಹೋದ ಮೇಲೆ ಓದಿಸುವ ಎಚ್ಚರಿಕೆಯಿಂದ ಏನು ಪ್ರಯೋಜನ?

ಡಿಟಿಡಿಯ ಮೇಲೆ ನಿಂತ ಕಡತಗಳು

ಉತ್ಪನ್ನದ ಹೆಸರುಗಳಿಗೆ ಎಂಟಿಟಿಗಳನ್ನು (ಪೂರ್ಣ ಪಠ್ಯದ ಬದಲು ಬರೆಯುವ ಕಿರುಗುರುತುಗಳನ್ನು) ಬಳಸಿ, ಅವುಗಳ ಘೋಷಣೆಯನ್ನು ಹೊರಗಿನ ಡಿಟಿಡಿಯಲ್ಲಿ (ಕಡತದ ರಚನೆಯ ನಿಯಮಗಳನ್ನು ಹೇಳುವ ಘೋಷಣೆಯಲ್ಲಿ) ಇಡುವ ರೂಢಿಯಿದೆ. ಬ್ರೌಸರುಗಳು ಹೊರಗಿನ ಡಿಟಿಡಿಯನ್ನು ಓದುವುದಿಲ್ಲ. ಹಾಗೆ ಓದದ ಪಾರ್ಸರ್ (ಕಡತವನ್ನು ಓದಿ ಬಿಡಿಸುವ ತಂತ್ರಾಂಶ) ಅಂಥ ಹೆಸರನ್ನು ದೋಷವೆನ್ನದೆ ದಾಟಿಹೋಗಲು ಎಕ್ಸ್‌ಎಂಎಲ್ ನಿಯಮವೇ ಅವಕಾಶ ಕೊಡುತ್ತದೆ. ಹೆಸರಿರಬೇಕಾದಲ್ಲಿ ಬರಿಯ ಖಾಲಿ ಜಾಗ ಉಳಿಯುವುದು ದೋಷಸೂಚನೆಗಿಂತ ಕೆಟ್ಟದ್ದು. ಕಡತದೊಳಗಿನ ಡಾಕ್‌ಟೈಪ್ ಭಾಗದಲ್ಲೇ ಘೋಷಿಸಿದ ಎಂಟಿಟಿಗಳು ಸರಿಯಾಗಿ ಬಿಡಿಸಿಕೊಳ್ಳುತ್ತವೆ, ಆದರೆ ಪ್ರತಿ ಅಧ್ಯಾಯವೂ ಪ್ರತ್ಯೇಕವಾಗಿ ಪಾರ್ಸ್ ಆಗುವುದರಿಂದ ಘೋಷಣೆಯೂ ಪ್ರತಿಯೊಂದರಲ್ಲಿ ಇರಬೇಕಾಗುತ್ತದೆ. ಘೋಷಣೆಯಿಲ್ಲದೆ ಬಳಸಬಹುದಾದದ್ದು ಐದೇ ಹೆಸರುಗಳು. ಎಚ್‌ಟಿಎಂಎಲ್ ಅಭ್ಯಾಸದಿಂದ ಬರೆಯುವ ಮುರಿಯದ ಸ್ಪೇಸಿನ ಹೆಸರು ಅವುಗಳಲ್ಲಿಲ್ಲ, ಅದಕ್ಕೆ 160 ಎಂಬ ಸಂಖ್ಯಾರೂಪವನ್ನೇ ಬಳಸಬೇಕು.

ತಾಂತ್ರಿಕ ದಾಖಲೆಗಳ ಇನ್ನೊಂದು ಎಕ್ಸ್‌ಎಂಎಲ್ ಮಾದರಿಯಾದ ಡಿಟಾ ಕಡತಗಳಿಗೆ ಇದೇ ವಿಧಾನವನ್ನು ಒಯ್ಯುವವರಿಗೆ ಇನ್ನೊಂದು ಮಾತು. ಡಿಟಾದ ಪ್ರಕಾಶನ ಸ್ಟೈಲ್‌ಶೀಟ್‌ಗಳು ಎಲಿಮೆಂಟಿನ ಹೆಸರನ್ನಲ್ಲ, ‘ಕ್ಲಾಸ್’ ಆಟ್ರಿಬ್ಯೂಟನ್ನು ನೋಡಿ ಕೆಲಸಮಾಡುತ್ತವೆ. ಆ ಆಟ್ರಿಬ್ಯೂಟನ್ನು ಲೇಖಕರು ಬರೆಯುವುದಿಲ್ಲ. ಅದು ಡಿಟಿಡಿಯಲ್ಲಿರುವ ಪೂರ್ವನಿಗದಿತ ಮೌಲ್ಯವಾಗಿ ಬರುತ್ತದೆ. ಬ್ರೌಸರಿನಲ್ಲಿ ಡಿಟಿಡಿಯೇ ಇಲ್ಲದ ಮೇಲೆ ಕ್ಲಾಸ್ ಕೂಡ ಇರುವುದಿಲ್ಲ. ಆದ್ದರಿಂದ ಮುನ್ನೋಟದ ಟೆಂಪ್ಲೇಟ್‌ಗಳನ್ನು ಎಲಿಮೆಂಟಿನ ಹೆಸರಿನಿಂದಲೇ ಬರೆಯಬೇಕು.

ಬ್ರೌಸರಿನಿಂದ ಹೊರಗೆ

ಪುಟದ ಮೂಲವನ್ನು ನೋಡುವ ಆಯ್ಕೆ ತೋರಿಸುವುದು ಪರಿವರ್ತನೆಗೆ ಮುಂಚಿನ ಎಕ್ಸ್‌ಎಂಎಲ್ಲನ್ನು. ಪರಿವರ್ತಿತ ರೂಪ ಬೇಕಾದರೆ ಡೆವಲಪರ್ ಪರಿಕರಗಳ ಇನ್‌ಸ್ಪೆಕ್ಟರನ್ನು ತೆರೆಯಬೇಕು. ಸ್ಟೈಲ್‌ಶೀಟ್ ತಿದ್ದಿದರೂ ಪುಟ ಬದಲಾಗದಿದ್ದರೆ ಅದೇ ಪರಿಕರಗಳಲ್ಲಿ ಕ್ಯಾಶೆಯ (ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪ್ರತಿಯ) ಬಳಕೆಯನ್ನು ನಿಲ್ಲಿಸಿಡಬಹುದು.

ಆದರೆ ಈ ಸೌಲಭ್ಯ ಬ್ರೌಸರುಗಳಲ್ಲಿ ಹೀಗೇ ಉಳಿಯುವುದಿಲ್ಲ. ಬಳಕೆ ವಿರಳವೆಂಬುದನ್ನೂ, ಹಳೆಯ ಸಂಸ್ಕಾರಕ ಲೈಬ್ರರಿಗಳ ಭದ್ರತೆಯ ಸಮಸ್ಯೆಗಳನ್ನೂ ಮುಂದಿಟ್ಟು ಕ್ರೋಮ್ ಅಭಿವೃದ್ಧಿ ತಂಡವು 2025 ರಲ್ಲಿ ಎಕ್ಸ್‌ಎಸ್‌ಎಲ್‌ಟಿಯನ್ನು ತೆಗೆದುಹಾಕುವ ಯೋಜನೆಯನ್ನು ಪ್ರಕಟಿಸಿದೆ. ಹಾಗೆಂದು ಕಟ್ಟಿದ್ದೇನೂ ವ್ಯರ್ಥವಾಗುವುದಿಲ್ಲ. ಕ್ರೋಮ್ ಬಳಸುವ ಲಿಬ್‌ಎಕ್ಸ್‌ಎಸ್‌ಎಲ್‌ಟಿಯನ್ನೇ ಆಧರಿಸಿದ ‘ಎಕ್ಸ್‌ಎಸ್‌ಎಲ್‌ಟಿಪ್ರಾಕ್’ ಎಂಬ ಆದೇಶಸಾಲಿನ ಸಾಧನ ಇದೇ ಸ್ಟೈಲ್‌ಶೀಟನ್ನು ಬದಲಾವಣೆಯಿಲ್ಲದೆ ಓಡಿಸುತ್ತದೆ. ಅದರ ಫಲವನ್ನು ಮುಖ್ಯ ಕಡತದ ಪಕ್ಕದಲ್ಲೇ ಎಚ್‌ಟಿಎಂಎಲ್ ಕಡತವಾಗಿ ಉಳಿಸಿದರೆ ಚಿತ್ರಗಳ ಸಾಪೇಕ್ಷ ವಿಳಾಸಗಳೂ ಹಾಗೆಯೇ ನಡೆಯುತ್ತವೆ. ಎಕ್ಸ್‌ಇನ್‌ಕ್ಲೂಡನ್ನು ತಾನೇ ಬಿಡಿಸುವ ಆಯ್ಕೆ ಅದರಲ್ಲಿದ್ದರೂ ಬಳಸಿಲ್ಲ; ಬ್ರೌಸರಿಗೂ ಇದಕ್ಕೂ ಒಂದೇ ದಾರಿಯಿದ್ದರೆ ಎರಡರ ಫಲವನ್ನು ಹೋಲಿಸಿ ನೋಡಬಹುದು.

ಈಗಿನ ವ್ಯವಸ್ಥೆಯಲ್ಲಿ ಮೇಕ್ ಕಡತವೊಂದು (ಕಡತ ಬದಲಾದಾಗ ಓಡಿಸಬೇಕಾದ ಆದೇಶಗಳ ಪಟ್ಟಿ) ಯಾವ ಅಧ್ಯಾಯ ಬದಲಾದರೂ ಮೊದಲು ‘ಎಕ್ಸ್‌ಎಂಎಲ್‌ಲಿಂಟ್’ ಮೂಲಕ ಕಡತಗಳ ರಚನೆಯನ್ನು ಪರೀಕ್ಷಿಸಿ, ಆಮೇಲೆ ಪರಿವರ್ತನೆಯನ್ನು ನಡೆಸುತ್ತದೆ. ಪರೀಕ್ಷೆ ಸೋತರೆ ಪರಿವರ್ತನೆ ನಡೆಯದೆ ಹಿಂದಿನ ಪುಟವೇ ಉಳಿದುಬಿಡುತ್ತದೆ, ಬರೆಯುತ್ತಿರುವವರಿಗೆ ತಮ್ಮ ತಿದ್ದುಪಡಿ ಏಕೆ ಕಾಣುತ್ತಿಲ್ಲವೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಸೋತಾಗ ಎಕ್ಸ್‌ಎಂಎಲ್‌ಲಿಂಟ್ ಕೊಟ್ಟ ದೋಷದ ಸಾಲುಗಳನ್ನೇ, ಕಡತದ ಹೆಸರು ಮತ್ತು ಸಾಲಿನ ಸಂಖ್ಯೆಯ ಸಮೇತ, ಹಳೆಯ ಎಚ್‌ಟಿಎಂಎಲ್ ಕಡತದ ಮೇಲೆ ಬರೆಯುವಂತೆ ನಿಯಮವನ್ನು ಬರೆದಿದ್ದೇನೆ. ಮುಂದಿನ ಸಲ ಪುಟವನ್ನು ಮರುಲೋಡ್ ಮಾಡಿದಾಗ ಕೈಪಿಡಿಯ ಬದಲಿಗೆ ಆ ದೋಷವೇ ಕಾಣುತ್ತದೆ.